ಅರಿಶಿನದ ಮಾತಿಗೆ ಮೊದಲು ಅಡಿಕೆಯ ಮಾತು

ಕ್ಯಾನ್ಸರ್ ಬಾರದಿರಲು ಏನು ತಿನ್ನಬೇಕು ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ. ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು, ಲಕ್ಷ್ಮಣಫಲದ ಎಲೆಯ ಕಷಾಯ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆನೀರು ಎಂದು ಉತ್ತರಗಳೂ ಮನೆಯಿಂದ ಮನೆಗೆ ಹರಿದಾಡುತ್ತಲೇ ಇರುತ್ತವೆ. ಕೇಳುವವರ ಭಯ ಸುಳ್ಳಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 14 ಲಕ್ಷ ಜನರಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು, 9 ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಇಷ್ಟು ದೊಡ್ಡ ಭಯಕ್ಕೆ ಸಿಗುವ ಉತ್ತರವೂ ತೂಕದ್ದಾಗಿರಬೇಕು. ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಆ ಪಾಲು ನೂರಾರು ಸಣ್ಣ ಎಚ್ಚರಿಕೆಗಳಲ್ಲಿ ಸಮನಾಗಿ ಹಂಚಿಹೋಗಿಲ್ಲ. ಅದರ ಬಹುಭಾಗ ಕೆಲವೇ ಅಭ್ಯಾಸಗಳಲ್ಲಿ ಮತ್ತು ಕೆಲವು ಸೋಂಕುಗಳಲ್ಲಿ ಸೇರಿಕೊಂಡಿದೆ. ನಮ್ಮ ನಾಡಿನ ಮಟ್ಟಿಗೆ ಅವುಗಳಲ್ಲಿ ಮೊದಲನೆಯದು ನಾವು ಬಾಯಲ್ಲಿಟ್ಟು ಅಗಿಯುವ ವಸ್ತು. ಅದರ ಬಗ್ಗೆ ಮಾತಾಡುವುದು ಕಷ್ಟ. ಅರಿಶಿನದ ಬಗ್ಗೆ ಮಾತಾಡುವುದು ಸುಲಭ. ಕಷ್ಟದ ಮಾತನ್ನು ಮೊದಲು ಆಡಬೇಕು ಎಂಬುದೇ ಈ ಲೇಖನದ ವಾದ.

ಬದುಕುವ ರೀತಿಗೂ ಕ್ಯಾನ್ಸರ್‌ಗೂ ಸಂಬಂಧವಿದೆ ಎಂಬುದಕ್ಕೆ ಆಧಾರವೇನು? ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಭೂಪಟ ಒಂದು ಉತ್ತರ ಕೊಡುತ್ತದೆ. ಜಪಾನಿನಿಂದ ಹವಾಯಿಗೆ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳಲ್ಲಿ ಜಠರದ ಕ್ಯಾನ್ಸರ್ ಇಳಿಯಿತು, ಸ್ತನ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಏರಿತು. ವಂಶ ಅದೇ, ಬದಲಾದದ್ದು ಊಟ ಮತ್ತು ಬದುಕು. ನಮ್ಮ ದೇಶದೊಳಗೂ ಇಂಥ ಅಂತರವಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯಲ್ಲಿ ಮಿಜೋರಾಮಿನ ಐಜ್ವಾಲ್ ಜಿಲ್ಲೆಯ ಗಂಡಸರಲ್ಲಿ ಲಕ್ಷಕ್ಕೆ 269ರಷ್ಟಿದ್ದ ಪ್ರಮಾಣ, ಮಹಾರಾಷ್ಟ್ರದ ಬೀಡ್ ಮತ್ತು ಉಸ್ಮಾನಾಬಾದ್ ಪ್ರದೇಶದಲ್ಲಿ ಸುಮಾರು 40 ಇತ್ತು. ಹಳ್ಳಿಗಾಡಿನಲ್ಲಿ ಎಷ್ಟೋ ರೋಗ ಪತ್ತೆಯಾಗದೆ ಉಳಿಯುತ್ತದೆ, ಆದ್ದರಿಂದ ಈ ಅಂತರದ ಒಂದು ಭಾಗ ನಿಜವಲ್ಲದಿರಬಹುದು. ಆದರೆ ಆರು ಪಟ್ಟಿಗೂ ಮೀರಿದ ವ್ಯತ್ಯಾಸವನ್ನು ಅದೊಂದರಿಂದಲೇ ವಿವರಿಸಲಾಗದು. ತಂಬಾಕಿನ ಹೊಗೆಯನ್ನು ನೀರಿಗೆ ಹಾಯಿಸಿ, ಆ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ‘ತುಯಿಬುರ್’ ಅಭ್ಯಾಸ ಮಿಜೋರಾಮಿನಲ್ಲಿದೆ. ಹೊಗೆಯಾಡಿಸಿದ ಮಾಂಸದ ಬಳಕೆಯೂ ಇದೆ. ಇನ್ನು ಕಾಲದ ಸಾಕ್ಷಿ ಬೇಕೆಂದರೆ ಬೆಂಗಳೂರಿನಲ್ಲೇ ಸಿಗುತ್ತದೆ. 1982ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಡೆಸುತ್ತಿರುವ ಇಲ್ಲಿನ ನೋಂದಣಿಯಲ್ಲಿ ಹೆಂಗಸರ ಗರ್ಭಕಂಠದ ಕ್ಯಾನ್ಸರ್ ದಶಕದಿಂದ ದಶಕಕ್ಕೆ ಇಳಿದಿದೆ, ಸ್ತನ ಕ್ಯಾನ್ಸರ್ ಏರಿದೆ. ಮದುವೆಯ ವಯಸ್ಸು, ಹೆರಿಗೆಗಳ ಸಂಖ್ಯೆ, ಶುಚಿತ್ವ, ಊಟ, ಮೈತೂಕ ಎಲ್ಲವೂ ಈ ಅವಧಿಯಲ್ಲಿ ಬದಲಾದವು. ವಂಶವಾಹಿಗಳು ನಲವತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ.

ಇದಕ್ಕೆ ಎದುರಾಗಿ, ಕ್ಯಾನ್ಸರ್ ಬರುವುದು ಬಿಡುವುದು ಹಣೆಬರಹ ಎನ್ನುವವರಿದ್ದಾರೆ. 2015ರಲ್ಲಿ ಈ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದಂತೆ ತೋರಿತ್ತು. ಅಮೆರಿಕದ ಕ್ರಿಸ್ಟಿಯನ್ ಟೊಮಾಸೆಟ್ಟಿ ಮತ್ತು ಬರ್ಟ್ ವೋಗೆಲ್‌ಸ್ಟೀನ್ ಅವರು, ಯಾವ ಅಂಗದಲ್ಲಿ ಆಕರಕೋಶಗಳು (ಸ್ಟೆಮ್ ಸೆಲ್) ಹೆಚ್ಚು ಬಾರಿ ಒಡೆಯುತ್ತವೋ ಅಲ್ಲಿ ಕ್ಯಾನ್ಸರ್ ಹೆಚ್ಚು ಎಂದು ತೋರಿಸಿದರು. ಕೋಶ ಒಡೆಯುವಾಗ ಆಗುವ ನಕಲಿನ ತಪ್ಪುಗಳು ಬರೀ ಆಕಸ್ಮಿಕ. ಪತ್ರಿಕೆಗಳು ಇದನ್ನು ಮೂರರಲ್ಲಿ ಎರಡು ಕ್ಯಾನ್ಸರ್‌ಗಳು ದುರದೃಷ್ಟದಿಂದಲೇ ಬರುತ್ತವೆ ಎಂದು ಬರೆದವು. ಆದರೆ ಆ ಅಧ್ಯಯನ ಹೋಲಿಸಿದ್ದು ಅಂಗ ಅಂಗಗಳನ್ನು, ಮನುಷ್ಯ ಮನುಷ್ಯರನ್ನಲ್ಲ. ಮೆದುಳಿಗಿಂತ ಕರುಳಿನಲ್ಲಿ ಕ್ಯಾನ್ಸರ್ ಯಾಕೆ ಹೆಚ್ಚು ಎಂಬುದಕ್ಕೆ ಅದು ಉತ್ತರ. ಸಿಗರೇಟು ಸೇದುವವರ ಶ್ವಾಸಕೋಶದ ಕೋಶಗಳೂ ಸೇದದವರ ಕೋಶಗಳೂ ಹುಟ್ಟಿನಿಂದ ಒಂದೇ ಬಗೆಯವು. ಆದರೂ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ 15ರಿಂದ 30 ಪಟ್ಟು ಹೆಚ್ಚು. ಆಕಸ್ಮಿಕಕ್ಕೆ ಪಾತ್ರವಿದೆ, ಅದನ್ನು ಒಪ್ಪಲೇಬೇಕು: ಯಾವ ಅಭ್ಯಾಸವೂ ಇಲ್ಲದವರಿಗೆ, ಎಳೆಯ ಮಕ್ಕಳಿಗೆ ಕ್ಯಾನ್ಸರ್ ಬರುವುದನ್ನು ಹಲವು ಬಾರಿ ಬೇರೆ ಹೇಗೂ ವಿವರಿಸಲಾಗದು. ಆಕಸ್ಮಿಕ ನಮ್ಮ ಕೈಯಲ್ಲಿಲ್ಲ. ಆ ಆಕಸ್ಮಿಕಕ್ಕೆ ದಿನಕ್ಕೆ ಎಷ್ಟು ಬಾರಿ ಅವಕಾಶ ಕೊಡುತ್ತೇವೆ ಎಂಬುದು ಬಹುಮಟ್ಟಿಗೆ ಕೈಯಲ್ಲಿದೆ.

ಗಾತ್ರದ ಅರಿವು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ 2015ನೇ ಇಸವಿಯೇ ಉದಾಹರಣೆ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ವರ್ಷ ಸಂಸ್ಕರಿಸಿದ ಮಾಂಸವನ್ನು ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಎರಡೂ ಸಮಾನ ಅಪಾಯಕಾರಿ ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಆ ಗುಂಪು ಹೇಳುವುದು ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ಜನರಿಗೆ ತರುತ್ತದೆ ಎಂಬುದನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಕೊಟ್ಟ ಅಂದಾಜಿನ ಪ್ರಕಾರ, ಸಂಸ್ಕರಿಸಿದ ಮಾಂಸ ಹೆಚ್ಚಾಗಿ ತಿನ್ನುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಾಗುತ್ತವೆ. ತಂಬಾಕಿನ ಹೊಗೆಯಿಂದ ಸುಮಾರು 10 ಲಕ್ಷ, ಮದ್ಯದಿಂದ 6 ಲಕ್ಷ. ಮಾಂಸದ ಅಪಾಯವೂ ತಂಬಾಕಿನ ಅಪಾಯವೂ ನಿಜ, ಆದರೆ ಮೊದಲನೆಯದು ಎರಡನೆಯದರ ಸುಮಾರು ಮೂವತ್ತನೇ ಒಂದು ಪಾಲು.

ತಂಬಾಕಿನ ಕಥೆ ಹಳೆಯದು. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲೇ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿ ಶ್ವಾಸಕೋಶದ ಕ್ಯಾನ್ಸರ್‌ಗೂ ಸಿಗರೇಟಿಗೂ ನಂಟಿದೆ ಎಂದು ತೋರಿಸಿದರು. ಆದರೆ ಆ ಕಥೆಯನ್ನು ಹಾಗೇ ಎತ್ತಿ ತಂದು ನಮ್ಮ ಮೇಲೆ ಹೊರಿಸಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ಬಗೆಯಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕು ಬಳಸುವವರೇ ಶೇ. 21.4. ನಮ್ಮದು ಮುಖ್ಯವಾಗಿ ಅಗಿಯುವ ಸಮಾಜ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಗುಟ್ಕಾ ಎಂದು ಹೆಸರು ಊರೂರಿಗೆ ಬೇರೆ. ಕೆನ್ನೆಯ ಒಳಬದಿಯಲ್ಲಿ ಅಥವಾ ಕೆಳತುಟಿಯ ಹಿಂದೆ ಒತ್ತರಿಸಿಟ್ಟ ಜಾಗದಲ್ಲೇ ಹುಣ್ಣು ಏಳುತ್ತದೆ. ಬೀಡಿ ಸಿಗರೇಟು ಸೇದುವವರನ್ನು ಗದರಿಸುವ ಮನೆಗಳಲ್ಲೂ ಅಜ್ಜಿಯ ಸಂಚಿಯಲ್ಲಿನ ಹೊಗೆಸೊಪ್ಪನ್ನು ಯಾರೂ ದುಶ್ಚಟವೆಂದು ಎಣಿಸುವುದಿಲ್ಲ.

ತಂಬಾಕಿನವರೆಗೆ ಹೆಚ್ಚಿನವರು ಒಪ್ಪುತ್ತಾರೆ. ಅಡಿಕೆಗೆ ಬಂದಾಗ ಮಾತು ನಿಲ್ಲುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು, ತುಮಕೂರಿನ ಲಕ್ಷಾಂತರ ಕುಟುಂಬಗಳು ರಾಶಿ, ಬೆಟ್ಟೆ, ಚಾಲಿ ಅಡಿಕೆಯ ದರದ ಮೇಲೆ ಮಕ್ಕಳ ಓದು, ಮದುವೆ, ಸಾಲದ ಕಂತು ಎಲ್ಲವನ್ನೂ ನಿಲ್ಲಿಸಿಕೊಂಡಿವೆ. ತಾಂಬೂಲವಿಲ್ಲದೆ ಶುಭಕಾರ್ಯ ನಡೆಯುವುದಿಲ್ಲ. ಆದ್ದರಿಂದ ಅಡಿಕೆಯ ಮೇಲೆ ಬಂದ ಆರೋಪ ಕೃಷಿಕರಿಗೆ ತಮ್ಮ ಮೇಲೆ ಬಂದ ಆರೋಪದಂತೆ ಕೇಳುತ್ತದೆ. ಅದು ಸಹಜ. ಆದರೂ ಪುರಾವೆಯನ್ನು ನೋಡಬೇಕು. ಲಿಯಾನ್ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆ ಕ್ಯಾನ್ಸರ್‌ಕಾರಕ ಎಂದಿತು. ತಂಬಾಕಿಲ್ಲದ ಎಲೆಯಡಿಕೆಯ ಬಗ್ಗೆ ಪುರಾವೆ ಸಾಲದು ಎಂದು ಸುಮ್ಮನಾಯಿತು. 2003ರಲ್ಲಿ ಮತ್ತೆ ಪರಿಶೀಲಿಸಿದಾಗ ತಂಬಾಕಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಮೊದಲನೇ ಗುಂಪಿಗೆ ಸೇರಿಸಿತು. ನಡುವಿನ ವರ್ಷಗಳಲ್ಲಿ ತೈವಾನಿನಿಂದ ಅಧ್ಯಯನಗಳು ಬಂದಿದ್ದವು. ಅಲ್ಲಿನವರು ಅಡಿಕೆಯನ್ನು ಸುಣ್ಣದೊಂದಿಗೆ ಅಗಿಯುತ್ತಾರೆ, ಅದಕ್ಕೆ ತಂಬಾಕು ಸೇರಿಸುವ ರೂಢಿಯಿಲ್ಲ. ಅಗಿಯುವವರಲ್ಲಿ ಅನೇಕರು ಸಿಗರೇಟು, ಮದ್ಯವನ್ನೂ ಬಳಸುತ್ತಿದ್ದರು ನಿಜ. ಅವೆರಡರ ಪಾಲನ್ನು ಲೆಕ್ಕದಿಂದ ಕಳೆದ ಮೇಲೂ ಅಡಿಕೆಯ ಪಾಲು ಉಳಿಯಿತು. ಗುಟ್ಕಾದಲ್ಲಿನ ತಂಬಾಕಿನ ತಪ್ಪನ್ನು ಅಡಿಕೆಯ ತಲೆಗೆ ಕಟ್ಟಲಾಗಿದೆ ಎಂಬ ಆಕ್ಷೇಪಕ್ಕೆ ಇದು ನೇರ ಉತ್ತರ.

ಅಡಿಕೆ ಒಳಗೆ ಮಾಡುವ ಕೆಲಸವೂ ಗೊತ್ತಿದೆ. ಅದರಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಂಶ ಉಲ್ಲಾಸ ಕೊಡುತ್ತದೆ, ಚಟವನ್ನೂ ಹಿಡಿಸುತ್ತದೆ. ಅದೇ ಅಂಶ ಬಾಯಿಯ ಒಳಪದರದ ಕೆಳಗೆ ನಾರಿನಂಥ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಕೆನ್ನೆ ಬಿಳಿಚಿ ಗಡುಸಾಗುತ್ತದೆ, ಖಾರ ತಡೆಯಲಾಗುವುದಿಲ್ಲ, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಒಮ್ಮೆ ಬಲಿತ ಮೇಲೆ ಅಡಿಕೆ ಬಿಟ್ಟರೂ ಪೂರ್ತಿ ಹಿಂದಕ್ಕೆ ಹೋಗದ ಈ ಸ್ಥಿತಿ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಒಣ ಅಡಿಕೆಯ ಪುಡಿ ಪ್ಯಾಕೆಟ್ಟಿನಲ್ಲಿ ಬರತೊಡಗಿದ ಮೇಲೆ ಇದು ಹದಿಹರೆಯದವರಲ್ಲೂ ಕಾಣಿಸಿಕೊಂಡಿತು. ಇಲ್ಲಿ ಪ್ರಮಾಣದ ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಮದುವೆ ಮನೆಯಲ್ಲಿ ಊಟದ ನಂತರ ಒಮ್ಮೆ ಕವಳ ಹಾಕಿಕೊಳ್ಳುವುದಕ್ಕೂ ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಇಟ್ಟುಕೊಂಡೇ ಇರುವುದಕ್ಕೂ ಅಜಗಜಾಂತರವಿದೆ. ದಿನಕ್ಕೆ ಎಷ್ಟು ಬಾರಿ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಎಲೆಯಡಿಕೆ ಹಾಕಿಕೊಂಡೇ ತೊಂಬತ್ತು ದಾಟಿದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಕಣ್ಣಿಗೆ ಕಾಣುತ್ತಾರೆ. ಐವತ್ತಕ್ಕೇ ದವಡೆ ತೆಗೆಸಿಕೊಂಡು ತೀರಿಹೋದವರು ಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಕಂಡ ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200 ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಬಂದವು ಎಂದು ಲಿಯಾನ್ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ 83,400 ಭಾರತದ್ದು. ಜಗತ್ತಿನ ಯಾವ ದೇಶದ ಪಾಲೂ ಇದರ ಹತ್ತಿರಕ್ಕೆ ಬರುವುದಿಲ್ಲ.

ಹಾಗಾದರೆ ತೋಟ ಕಡಿಯಬೇಕೆ ಎಂದು ಕೇಳುತ್ತಾರೆ. ಇಂದು ಕಡಿಯಿರಿ ಎಂದು ಯಾವ ವಿವೇಕಿಯೂ ಹೇಳಲಾರ. ತೋಟ ಎದ್ದು ನಿಲ್ಲಲು ಒಂದು ತಲೆಮಾರು ಹಿಡಿದಿದೆ. ಪರ್ಯಾಯ ತೋರಿಸದೆ ಕೃಷಿಕರನ್ನು ಗುರಿಮಾಡುವುದು ಅನ್ಯಾಯ. ಅಡಿಕೆಯ ಬದಲು ಬೇರೆ ಬೆಳೆಗೆ ಹೋಗುವವರಿಗೆ ತೈವಾನ್ ಸರ್ಕಾರ ನೆರವು ಕೊಟ್ಟಿದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ವಿಷಯದಲ್ಲೂ ಕರಾವಳಿಯ ಬೀಡಿ ಕಟ್ಟುವ ಹೆಂಗಸರ ವಿಷಯದಲ್ಲೂ ಇದೇ ಪ್ರಶ್ನೆ ಇದೆ. ಆದರೆ ಜೀವನೋಪಾಯದ ಪ್ರಶ್ನೆ ಕಠಿಣವಾಗಿದೆ ಎಂದು ರೋಗದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಲಾಗದು. ಅಡಿಕೆ ನಿರಪಾಯಕಾರಿ ಎಂದು ಸಾಬೀತು ಮಾಡುವ ಹಟಕ್ಕೆ ಹಾಕುವ ಶಕ್ತಿಯನ್ನು, ಇನ್ನು ಇಪ್ಪತ್ತು ವರ್ಷಗಳ ನಂತರ ಮಲೆನಾಡು ಏನು ಬೆಳೆಯಬೇಕು ಎಂಬ ಯೋಚನೆಗೆ ಹಾಕಿದರೆ ಬೆಳೆಗಾರರ ಮೊಮ್ಮಕ್ಕಳಿಗೆ ಹೆಚ್ಚು ಉಪಕಾರವಾದೀತು.

ಜೀವನಶೈಲಿಯ ಆಯ್ಕೆ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಆಯ್ಕೆ ಎಂದರೆ ವ್ಯಕ್ತಿ ಸ್ವತಂತ್ರವಾಗಿ ನಿಂತು ಆರಿಸಿಕೊಂಡದ್ದು ಎಂಬ ಅರ್ಥ ಬರುತ್ತದೆ. ಶಾಲೆಯ ಪಕ್ಕದ ಗೂಡಂಗಡಿಯಲ್ಲಿ ಮಾಲೆಮಾಲೆಯಾಗಿ ನೇತಾಡುವ, ಚಿಲ್ಲರೆ ಕಾಸಿಗೆ ಸಿಗುವ, ಸಿನಿಮಾ ನಟರು ಏಲಕ್ಕಿಯ ಹೆಸರಿನಲ್ಲಿ ಜಾಹೀರಾತು ಕೊಡುವ ಪ್ಯಾಕೆಟ್ಟನ್ನು ಹದಿನಾಲ್ಕರ ಹುಡುಗ ಆರಿಸಿಕೊಂಡ ಎನ್ನುವುದು ಸರಿಯಲ್ಲ. ಆಹಾರದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂಬ 2011ರ ನಿಯಮದ ಬಲದಿಂದ ರಾಜ್ಯಗಳು ಗುಟ್ಕಾ ನಿಷೇಧಿಸಿದವು. ಕರ್ನಾಟಕ 2013ರಲ್ಲಿ ನಿಷೇಧಿಸಿತು. ತಯಾರಕರು ಪಾನ್ ಮಸಾಲೆಯನ್ನು ಒಂದು ಪ್ಯಾಕೆಟ್ಟಿನಲ್ಲೂ ತಂಬಾಕನ್ನು ಇನ್ನೊಂದರಲ್ಲೂ ಹಾಕಿ ಜೊತೆಗೆ ಮಾರತೊಡಗಿದರು. ಕೊಳ್ಳುವವನು ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾನೆ. ನಿಷೇಧ ಕಾಗದದಲ್ಲಿದೆ, ಗುಟ್ಕಾ ಬಾಯಲ್ಲಿದೆ. ಈ ಎರಡು ಪ್ಯಾಕೆಟ್ಟುಗಳ ವ್ಯಾಪಾರವನ್ನು ನಿಲ್ಲಿಸುವುದು ಮತ್ತು ತೆರಿಗೆ ಏರಿಸುವುದು ಆರೋಗ್ಯದ ಸಾವಿರ ಭಾಷಣಗಳಿಗಿಂತ ಹೆಚ್ಚು ಬಾಯಿಗಳನ್ನು ಉಳಿಸುತ್ತದೆ ಎಂದು ನಾನು ನಂಬುತ್ತೇನೆ. ಬೆಲೆ ಏರಿದಾಗ ಮೊದಲು ಹಿಂದೆಗೆಯುವವರು ಎಳೆಯರು ಮತ್ತು ಬಡವರು; ರೋಗ ಹೆಚ್ಚು ಹಿಂಡುವುದೂ ಅವರನ್ನೇ.

ಮದ್ಯದ ವಿಷಯದಲ್ಲಿ ತಪ್ಪು ತಿಳಿವಳಿಕೆ ಓದಿದವರಲ್ಲೇ ಹೆಚ್ಚು. ಕುಡಿದರೆ ಲಿವರ್ ಹಾಳಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಕ್ಯಾನ್ಸರ್ ಬರುತ್ತದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಮದ್ಯಸಾರ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಕೋಶದ ಡಿಎನ್ಎಯನ್ನು ಕೆಡಿಸುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು, ಹೆಂಗಸರ ಸ್ತನ ಇಷ್ಟೂ ಕಡೆ ಸಂಬಂಧ ಖಚಿತವಾಗಿದೆ. ದುಬಾರಿ ವೈನಿಗೂ ಅಗ್ಗದ ಸಾರಾಯಿಗೂ ಈ ವಿಷಯದಲ್ಲಿ ಭೇದವಿಲ್ಲ, ಏಕೆಂದರೆ ಕೆಲಸ ಮಾಡುವುದು ಮದ್ಯಸಾರವೇ. ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದಲ್ಲವೇ ಎನ್ನುವವರು ಗಮನಿಸಬೇಕಾದದ್ದು: ದಿನಕ್ಕೆ 10 ಗ್ರಾಂ ಮದ್ಯಸಾರ, ಅಂದರೆ ಒಂದು ಸಣ್ಣ ಗ್ಲಾಸು, ಹೆಚ್ಚಾದಂತೆ ಸ್ತನ ಕ್ಯಾನ್ಸರ್‌ನ ಅಪಾಯ ಸುಮಾರು ಶೇ. 7ರಷ್ಟು ಏರುತ್ತದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ತಂಬಾಕಿನ ಜೊತೆ ಮದ್ಯ ಸೇರಿದರಂತೂ ಬಾಯಿ ಗಂಟಲಿನ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಈಗ ಊಟಕ್ಕೆ ಬರೋಣ. ಅರಿಶಿನದ ಕುರ್ಕುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ, ಅದು ನಿಜ. ಆದರೆ ತಿಂದಾಗ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಸಾರಿಗೆ ಹಾಕುವ ಅರಿಶಿನ ಮುಂದುವರಿಯಲಿ, ಅದರಿಂದ ರಕ್ಷಣೆ ಸಿಕ್ಕಿತು ಎಂದು ತಂಬಾಕು ಮುಂದುವರಿಯದಿರಲಿ. ಒಂದು ಒಳ್ಳೆಯ ಅಂಶವನ್ನು ಆಹಾರದಿಂದ ಬೇರ್ಪಡಿಸಿ ಮಾತ್ರೆ ಮಾಡಿ ನುಂಗಿಸುವ ಪ್ರಯತ್ನಗಳ ಇತಿಹಾಸ ಎಚ್ಚರ ಹೇಳುತ್ತದೆ. ಹಣ್ಣು ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡು, ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರು. 1994ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಅಮೆರಿಕದ ಇನ್ನೊಂದು ಪ್ರಯೋಗವೂ ಅದನ್ನೇ ತೋರಿಸಿತು. ಮುಂದೆ ವಿಟಮಿನ್ ಇ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರನ್ನು ತುಸು ಹೆಚ್ಚಿಸಿದ್ದೂ ಕಂಡಿತು. ಊಟದ ಪಾತ್ರ ಹೆಚ್ಚಾಗಿ ಇರುವುದು ಮೈತೂಕದ ಮೂಲಕ. ಬೊಜ್ಜಿಗೂ ಹದಿಮೂರು ಬಗೆಯ ಕ್ಯಾನ್ಸರ್‌ಗೂ ನಂಟಿದೆ ಎಂದು 2016ರಲ್ಲಿ ಲಿಯಾನ್ ಸಂಸ್ಥೆ ತೀರ್ಮಾನಿಸಿತು. ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಅವುಗಳಲ್ಲೊಂದು. ನಮ್ಮ ದೇಶದ ಹೆಂಗಸರಲ್ಲಿ ಸುಮಾರು ಕಾಲುಭಾಗ ಈಗ ಅಧಿಕ ತೂಕದವರು. ರಾಗಿ, ಜೋಳ, ಕಾಳು, ಸೊಪ್ಪು ನಾರಿನಂಶ ತುಂಬಿದ ಆಹಾರ, ಕರುಳಿಗೆ ಹಿತ. ಆದರೆ ಮುದ್ದೆ ಉಂಡು ದಿನವಿಡೀ ಕೂತಿರುವವರಿಗೆ ಅದೊಂದೇ ಸಾಲದು. ನಡಿಗೆ, ವ್ಯಾಯಾಮದ ಬಗ್ಗೆ ಬಹುಕಾಲ ಇದ್ದ ಸಂಶಯ ಏನೆಂದರೆ, ಆರೋಗ್ಯವಂತರೇ ಹೆಚ್ಚು ನಡೆಯುತ್ತಾರೆಯೇ ಹೊರತು ನಡೆದದ್ದರಿಂದ ಆರೋಗ್ಯ ಬಂದದ್ದಲ್ಲ ಎಂಬುದು. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅದಕ್ಕೆ ಬಲವಾದ ಉತ್ತರ ಕೊಟ್ಟಿದೆ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿದ 889 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿಸಿದರು. ಐದು ವರ್ಷಗಳ ನಂತರ ರೋಗವಿಲ್ಲದೆ ಉಳಿದವರು ವ್ಯಾಯಾಮದ ಗುಂಪಿನಲ್ಲಿ ಶೇ. 80, ಇನ್ನೊಂದರಲ್ಲಿ ಶೇ. 74. ಇದು ರೋಗ ಮರುಕಳಿಸದಂತೆ ತಡೆದ ಮಾತು, ಮೊದಲ ಬಾರಿ ಬಾರದಂತೆ ತಡೆದದ್ದಲ್ಲ. ಆದರೂ ವ್ಯಾಯಾಮಕ್ಕೆ ಸ್ವಂತ ಬಲವಿದೆ ಎಂಬುದು ಇದರಿಂದ ಗೊತ್ತಾಯಿತು.

ಹೆಂಗಸರ ವಿಷಯದಲ್ಲಿ ಅತಿ ದೊಡ್ಡ ರಕ್ಷಣೆ ಅಡುಗೆಮನೆಯಲ್ಲಿಲ್ಲ, ಲಸಿಕೆಯಲ್ಲಿದೆ. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಾಣು ಕಾರಣ. ಈ ರೋಗ ಇಳಿಮುಖವಾಗಿದ್ದರೂ ದೇಶದಲ್ಲಿ ವರ್ಷಕ್ಕೆ ಸುಮಾರು 80,000 ಹೆಂಗಸರು ಇದರಿಂದ ಸಾಯುತ್ತಾರೆ. ಸ್ವೀಡನ್ನಿನಲ್ಲಿ ಹದಿನೇಳು ತುಂಬುವ ಮೊದಲೇ ಲಸಿಕೆ ಪಡೆದ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆಯಾಯಿತು ಎಂದು 2020ರಲ್ಲಿ ವರದಿಯಾಗಿದೆ. ಭಾರತದಲ್ಲೇ ತಯಾರಾದ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂದಿದೆ. ಹತ್ತು ಹನ್ನೆರಡು ವರ್ಷದ ಮಗಳಿಗೆ ಲಸಿಕೆ ಹಾಕಿಸಲು ಸಂಕೋಚಪಡುವ ತಂದೆತಾಯಿಗಳು, ಅದು ಅವಳ ನಡತೆಯ ಮಾತಲ್ಲ, ಮುಂದಿನ ಐವತ್ತು ವರ್ಷಗಳ ಮಾತು ಎಂದು ತಿಳಿಯಬೇಕು. ಮಕ್ಕಳಿಗೆ ಹಾಲೂಡಿಸುವುದೂ ತಾಯಿಯನ್ನು ಕಾಯುತ್ತದೆ: ಪ್ರತಿ ಹನ್ನೆರಡು ತಿಂಗಳ ಹಾಲೂಡಿಕೆಗೆ ಸ್ತನ ಕ್ಯಾನ್ಸರ್‌ನ ಅಪಾಯ ಶೇ. 4ರಷ್ಟು ಇಳಿಯುತ್ತದೆ. ಆದರೆ ಆರು ತಿಂಗಳ ರಜೆಯೂ ಸಿಗದ ಗಾರ್ಮೆಂಟ್ ಕಾರ್ಮಿಕಳಿಗೆ ಈ ಉಪದೇಶ ಹೇಳುವ ಮುನ್ನ ರಜೆಯ ಮಾತಾಡಬೇಕು.

ಗಾಳಿಯಲ್ಲಿ ವಿಷ, ತರಕಾರಿಯಲ್ಲಿ ವಿಷ, ಕೆರೆಯಲ್ಲಿ ನೊರೆ. ಇವನ್ನೆಲ್ಲ ಬಿಟ್ಟು ಬಡವನ ಎಲೆಯಡಿಕೆಯ ಮೇಲೆ ಯಾಕೆ ಕಣ್ಣು ಎಂಬ ಆಕ್ಷೇಪ ಗೌರವಕ್ಕೆ ಅರ್ಹ. ಹೊರಗಿನ ವಾಯುಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು 2013ರಲ್ಲೇ ತೀರ್ಮಾನವಾಗಿದೆ, ಅದನ್ನು ತಡೆಯುವುದು ಸರ್ಕಾರದ ಹೊಣೆ. ಒಂದು ಹೊಣೆ ಇನ್ನೊಂದನ್ನು ಅಳಿಸುವುದಿಲ್ಲ. ಇದಕ್ಕಿಂತ ಆಳವಾದ ಆಕ್ಷೇಪ ಇನ್ನೊಂದಿದೆ: ಅಭ್ಯಾಸದ ಮಾತು ಹೆಚ್ಚಾದಷ್ಟೂ ರೋಗ ಬಂದವರನ್ನು ತಪ್ಪಿತಸ್ಥರಂತೆ ನೋಡುವುದು ಹೆಚ್ಚುತ್ತದೆ. ಇದು ಆಗುತ್ತಿದೆ, ಆಗಬಾರದು. ಅಪಾಯದ ಲೆಕ್ಕ ಲಕ್ಷಾಂತರ ಜನರ ಮೇಲೆ ಹಾಕಿದ್ದು. ಒಬ್ಬರ ಗಡ್ಡೆಗೆ ಇದೇ ಕಾರಣ ಎಂದು ಅದರಿಂದ ಹೇಳಲು ಬರುವುದಿಲ್ಲ. ತಂಬಾಕು ಅಗಿದವರಿಗೂ ಚಿಕಿತ್ಸೆ ಮತ್ತು ಮರುಕ ಎರಡೂ ಪೂರ್ತಿ ಸಲ್ಲಬೇಕು.

ಇಷ್ಟು ವರ್ಷ ಅಗಿದಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ ಎನ್ನುವವರಿಗೆ ಡಾಲ್ ಅವರ ಬ್ರಿಟಿಷ್ ವೈದ್ಯರ ಅಧ್ಯಯನದಲ್ಲಿ ಉತ್ತರವಿದೆ. ಐವತ್ತು ವರ್ಷ ನಡೆದ ಆ ಅಧ್ಯಯನದಲ್ಲಿ ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಮೂವತ್ತಕ್ಕೆ ಬಿಟ್ಟವರು ಆ ಹತ್ತೂ ವರ್ಷಗಳನ್ನು, ನಲವತ್ತಕ್ಕೆ ಬಿಟ್ಟವರು ಒಂಬತ್ತನ್ನು, ಐವತ್ತಕ್ಕೆ ಬಿಟ್ಟವರು ಆರನ್ನು, ಅರವತ್ತಕ್ಕೆ ಬಿಟ್ಟವರು ಮೂರನ್ನು ಉಳಿಸಿಕೊಂಡರು. ಬಾಯಿಯ ವಿಷಯದಲ್ಲಿ ಇನ್ನೂ ಒಂದು ಅನುಕೂಲವಿದೆ: ರೋಗ ಕಣ್ಣಿಗೆ ಕಾಣುವ ಜಾಗದಲ್ಲಿ ಬೆಳೆಯುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ್ದರಿಂದ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ತಗ್ಗಿತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಮೂವತ್ತು ದಾಟಿದವರಿಗೆ ಇಂಥ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗಬೇಕು ಎಂಬುದು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ನೆಟ್ಟಗೆ ಹಿಡಿದು ಬಾಯೊಳಗೆ ಹಾಕಲಾಗದಿದ್ದರೆ, ಕೆನ್ನೆಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ನೋವಿಲ್ಲವೆಂದು ಕಾಯದೆ ತೋರಿಸಿಕೊಳ್ಳಬೇಕು. ಬಿಡಲು ಒಬ್ಬರೇ ಹೆಣಗಬೇಕಾಗಿಲ್ಲ. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಸಲಹೆ ಉಚಿತ. ಅದರ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.